ಹಳಿ ಹೋದ ಮೇಲೆ ಉಳಿದ ದಾರಿ

ರಾಯದುರ್ಗಕ್ಕೆ ರೈಲು ಬಂದದ್ದು 1905ರಲ್ಲಿ. ಬಳ್ಳಾರಿಯಿಂದ ಹೊರಟ ಮೀಟರ್ ಗೇಜ್ ಹಳಿ ಓಬಳಾಪುರದ ಕೆಂಪು ಗುಡ್ಡಗಳನ್ನು ಬಳಸಿಕೊಂಡು, ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಬಂದು, ಕೋಟೆ ಬೆಟ್ಟದ ಬುಡದಲ್ಲಿ ನಿಂತುಬಿಡುತ್ತಿತ್ತು. ಮುಂದಕ್ಕೆ ಹಳಿ ಇರಲಿಲ್ಲ. ಬಂದ ರೈಲಿನ ಎಂಜಿನ್ನು ಬಿಚ್ಚಿಕೊಂಡು ಪಕ್ಕದ ಹಳಿಯಲ್ಲಿ ಹಿಂದಕ್ಕೆ ಸರಿದು, ಡಬ್ಬಿಗಳ ಇನ್ನೊಂದು ತುದಿಗೆ ಬಂದು ಸೇರಿಕೊಳ್ಳಬೇಕು. ಊರಿನ ಹುಡುಗರಿಗೆ ಇದನ್ನು ನೋಡುವುದೇ ಸಂಜೆಯ ಕೆಲಸ.

ಆ ಹುಡುಗರಲ್ಲಿ ಒಬ್ಬರು ಮುಂದೆ ಮಡಕಶಿರಾ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಮೇಷ್ಟ್ರಾದರು, ನಿವೃತ್ತರಾದರು, ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿ ಅಲ್ಲಿ ಹಳಿ ಕಿತ್ತ ಒಂದು ರೈಲು ದಾರಿಯಲ್ಲಿ ಹೆಂಡತಿಯೊಂದಿಗೆ ನಡೆದರು, ಸೈಕಲ್ಲೂ ತುಳಿದರು. ಊರಿಗೆ ಬಂದ ಮೇಲೆ ಅವರು ಹೇಳತೊಡಗಿದ ಮಾತು ಇಂದಿಗೂ ನಿಂತಿಲ್ಲ: ರೈಲು ಹೋದರೂ ದಾರಿ ಜನರದ್ದೇ, ಅದನ್ನು ಜನರಿಗೇ ಬಿಡಬೇಕು. ಈ ಬರಹ ಆ ಮಾತಿನ ಹಿಂದಿನ ಕಥೆ.

ಅವರು ಹುಟ್ಟಿದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು; ಬಳ್ಳಾರಿ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಕನ್ನಡದ ಸಂಸಾರಗಳು ಮನೆ ಬದಲಿಸದೆಯೇ ಬೇರೆ ರಾಜ್ಯದವಾದವು. ಅತ್ತೆ ಮನೆ ಒಂದು ರಾಜ್ಯ, ತವರು ಮನೆ ಇನ್ನೊಂದು. ರೈಲು ಮಾತ್ರ ಬದಲಾಗಲಿಲ್ಲ. ಹಿಂದಿನ ದಿನ ಹೊರಟ ಹೊತ್ತಿಗೇ ಮರುದಿನವೂ ಹೊರಟಿತು, ಅದೇ ಬಳ್ಳಾರಿಗೆ ಹೋಯಿತು. ಮದುವೆಯ ಬಟ್ಟೆಗೆ, ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ ಎಲ್ಲದಕ್ಕೂ ಬಳ್ಳಾರಿಯೇ. ನಕ್ಷೆ ಕತ್ತರಿಸಿದ್ದನ್ನು ಹಳಿ ಹೊಲಿದು ಇಟ್ಟುಕೊಂಡಿತ್ತು ಎಂದು ಮೇಷ್ಟ್ರು ಈಗಲೂ ಹೇಳುತ್ತಾರೆ.

ಬಳ್ಳಾರಿ ಸೀಮೆಯ ಮೀಟರ್ ಗೇಜ್ ರೈಲಿನ ಕಥೆ ಬರದಿಂದ ಶುರುವಾಗುತ್ತದೆ. 1876ರಿಂದ 1878ರವರೆಗಿನ ಧಾತು ಸಂವತ್ಸರದ ಬರದಲ್ಲಿ ಈ ಭಾಗದ ಜನ ಲಕ್ಷಗಟ್ಟಲೆ ಸತ್ತರು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಸಾಕಷ್ಟು ದಾರಿ ಇರಲಿಲ್ಲ. ಎತ್ತಿನ ಗಾಡಿಯ ಎತ್ತುಗಳೇ ಮೇವಿಲ್ಲದೆ ಬೀಳುತ್ತಿದ್ದವು. ಆ ಅನುಭವದ ಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಲಾಭಕ್ಕಿಂತ ಮೊದಲು ಬರದಿಂದ ಕಾಯಲು ಹಾಕಿದ ಹಳಿಗಳು ಎಂದು ಅವಕ್ಕೆ ಹೆಸರು. ರಾಯದುರ್ಗದ ಕವಲು ಬಂದದ್ದು ಅದೇ ಸೀಮೆಯಲ್ಲಿ, ಅದೇ ಕಾಲದ ಮುಂದುವರಿಕೆಯಾಗಿ.

ಊರಿನ ಇನ್ನೊಂದು ದಾರಿ ಹಗರಿ. ಪುಸ್ತಕದಲ್ಲಿ ವೇದಾವತಿ, ಬಾಯಲ್ಲಿ ಹಗರಿ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ನೀರನ್ನು ಹಿರಿಯೂರಿನ ಬಳಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಹಿಡಿದುಕೊಳ್ಳುತ್ತದೆ. ಅದನ್ನು ದಾಟಿ ಬಂದದ್ದನ್ನು ರಾಯದುರ್ಗದ ಹತ್ತಿರ ಭೈರವಾನಿತಿಪ್ಪ ಅಣೆಕಟ್ಟು ಹಿಡಿಯುತ್ತದೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂದರೆ ಮೇಷ್ಟ್ರ ಬಾಲ್ಯ, ನೌಕರಿ, ನಿವೃತ್ತಿ ಎಲ್ಲ ಮುಗಿಯುವವರೆಗೆ ಆ ಕೆರೆ ತುಂಬಿ ಹರಿದದ್ದಿಲ್ಲ. ಅವರ ಹಗರಿ ಬಹುಮಟ್ಟಿಗೆ ಮರಳಿನ ಹಗರಿಯೇ. ಕಣೇಕಲ್ಲು, ಬೊಮ್ಮನಹಾಳು ಕಡೆ ಮುಂಗಾರಿನ ಗಾಳಿ ಎದ್ದರೆ ಆ ಮರಳು ನದಿಯನ್ನು ಬಿಟ್ಟು ಹೊಲಕ್ಕೆ ನುಗ್ಗುತ್ತದೆ, ದಿಬ್ಬ ಕಟ್ಟುತ್ತದೆ, ಬೇಲಿಯನ್ನು ಮುಚ್ಚುತ್ತದೆ. ರೈತನಿಗೆ ನದಿಯ ಮರಳು ಎಂದರೆ ಹೊಲಕ್ಕೆ ಬಂದ ಶನಿ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇನ್ನೊಂದು ಬಗೆಯ ಮರಳು ಬರುತ್ತದೆ.

ಬಳ್ಳಾರಿಯ ವೀರಶೈವ ಕಾಲೇಜಿಗೆ ಅವರು ಸೇರಿದ್ದು ಅರವತ್ತರ ದಶಕದಲ್ಲಿ. ಊರಿಗೆ ಹೋಗಿ ಬರುವುದಕ್ಕೆಲ್ಲ ಅದೇ ರೈಲು. ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿಲ್ಲ. ಸಂತೆಗೆ ಹೋದ ಹೆಂಗಸರು ಬುಟ್ಟಿಗಳನ್ನು ಸೀಟಿನ ಕೆಳಗೆ ತಳ್ಳಿ ನೆಲದ ಮೇಲೆಯೇ ಕೂರುತ್ತಿದ್ದರು. ಕಿಟಕಿಯಿಂದ ಕಲ್ಲಿದ್ದಲ ಕಣ ಕಣ್ಣಿಗೆ ಬೀಳುತ್ತಿತ್ತು. ತೆಲುಗಿನಲ್ಲಿ ಶುರುವಾದ ಜಗಳ ಕನ್ನಡದಲ್ಲಿ ರಾಜಿಯಾಗುತ್ತಿತ್ತು. ರೈಲು ನಿಧಾನ, ಏರಿನಲ್ಲಿ ಇಳಿದು ಪಕ್ಕದಲ್ಲಿ ನಡೆದು ಮತ್ತೆ ಹತ್ತಬಹುದು ಎಂದು ಹುಡುಗರು ಪಣ ಕಟ್ಟುತ್ತಿದ್ದರು. ನೌಕರಿ ಸಿಕ್ಕಿ ಮಡಕಶಿರಾ ಕಡೆಗೆ ಹೋದಾಗ ಅವರನ್ನು ಮೊದಲು ಕಾಡಿದ್ದು ಅಲ್ಲಿ ರೈಲಿಲ್ಲ ಎಂಬ ಸಂಗತಿ. ರೈಲು ನೋಡಬೇಕಾದರೆ ಹಿಂದೂಪುರಕ್ಕೆ ಬಸ್ ಹತ್ತಬೇಕು.

ಮಡಕಶಿರಾ ತಾಲ್ಲೂಕು ಬಹುಕಾಲ ಅನಂತಪುರ ಜಿಲ್ಲೆಯದಾಗಿತ್ತು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯದು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆ ಕನ್ನಡ, ಸರ್ಕಾರದ ಕಾಗದ ತೆಲುಗು. ಅಮರಾಪುರದ ಆಚೆ ಇರುವ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಕಪ್ಪು ಕಲ್ಲಿನಲ್ಲಿ ಕೊರೆದ ಅಲ್ಲಿನ ಕಂಬಗಳನ್ನು ನೋಡಲು ಮೇಷ್ಟ್ರು ದೊಡ್ಡ ತರಗತಿಯ ಮಕ್ಕಳನ್ನು ಸೈಕಲ್ಲಿನಲ್ಲೇ ಕರೆದುಕೊಂಡು ಹೋಗುತ್ತಿದ್ದರು. ಬಸ್ಸಿಗೆ ದುಡ್ಡಿಲ್ಲ ಎಂಬುದು ಒಂದು ಕಾರಣ. ಸೈಕಲ್ ಮೇಲೆ ಹೋದವನಿಗೆ ಊರಿನಿಂದ ಊರಿಗೆ ಮಣ್ಣು ಬದಲಾಗುವುದು ತಿಳಿಯುತ್ತದೆ, ಕೆರೆಯಿಂದ ಕೆರೆಗೆ ನೀರು ಹೋಗುವ ದಾರಿ ಕಾಣುತ್ತದೆ ಎಂಬುದು ಮುಖ್ಯ ಕಾರಣ. ಕೆರೆ ಏರಿಯ ಮೇಲೆ ಸಾಲಾಗಿ ಸೈಕಲ್ ಹೊಡೆಯುವುದು ಮಕ್ಕಳಿಗೆ ಬಲು ಇಷ್ಟ. ಏರಿಯ ಮೇಲೆ ಲಾರಿ ಬರುವುದಿಲ್ಲ, ಏರು ತಗ್ಗು ಇಲ್ಲ, ಒಂದು ಕಡೆ ನೀರು, ಒಂದು ಕಡೆ ಗದ್ದೆ.

ಮಗ ಬ್ರಿಸ್ಟಲ್ ಊರಿನಲ್ಲಿದ್ದಾನೆ. ಗಂಡ ಹೆಂಡಿರು ಅಲ್ಲಿಗೆ ಹೋದಾಗ ಬೆಳಗಿನ ನಡಿಗೆಗೆ ಮಗ ತೋರಿಸಿದ್ದು ಮನೆಗೆ ಹತ್ತಿರದ ಒಂದು ನೆಟ್ಟಗಿನ ದಾರಿ. ಮರಗಳ ನಡುವೆ ಹೋಗುತ್ತದೆ, ರಸ್ತೆಯನ್ನು ಎದುರಾಗಿ ದಾಟುವುದು ಕಡಿಮೆ, ನಡುವೆ ಒಂದು ಸುರಂಗವೂ ಇದೆ. ಮಕ್ಕಳು ಶಾಲೆಗೆ, ನೌಕರರು ಕೆಲಸಕ್ಕೆ, ಮುದುಕರು ಸುಮ್ಮನೆ ತಿರುಗಾಟಕ್ಕೆ ಅದರಲ್ಲೇ ಹೋಗುತ್ತಾರೆ. ಮೇಷ್ಟ್ರಿಗೆ ಒಂದೆರಡು ದಿನದಲ್ಲೇ ಅನುಮಾನ ಬಂತು: ಇಷ್ಟು ಸಮತಟ್ಟಾಗಿ ರಸ್ತೆ ಯಾರೂ ಹಾಕುವುದಿಲ್ಲ, ಇದು ರೈಲು ಏರಿ. ಕೇಳಿದರೆ ನಿಜ. ಬ್ರಿಸ್ಟಲ್‌ನಿಂದ ಬಾತ್ ಊರಿಗಿದ್ದ ಹಳೆಯ ರೈಲು ದಾರಿ ಅದು. 1977ರಲ್ಲಿ ಅಲ್ಲಿನ ಕೆಲವು ಸೈಕಲ್ ಪ್ರಿಯರು ಗುಂಪು ಕಟ್ಟಿಕೊಂಡು, 1979ರಿಂದ 1986ರವರೆಗೆ ಸ್ವಯಂಸೇವಕರ ಕೈಯಲ್ಲೇ ಹೆಚ್ಚಿನ ಕೆಲಸ ಮಾಡಿಸಿ, ಸುಮಾರು 21 ಕಿಲೋಮೀಟರ್ ದಾರಿಯನ್ನು ತೆರೆದರು. ಆ ಗುಂಪೇ ಮುಂದೆ ಸಸ್ಟ್ರಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿ ದೇಶದ ತುಂಬ ಸೈಕಲ್ ದಾರಿಗಳ ಜಾಲ ಮಾಡಿತು.

ಇಷ್ಟೊಂದು ರೈಲು ದಾರಿಗಳು ಖಾಲಿ ಬಿದ್ದದ್ದು ಹೇಗೆ? 1963ರಲ್ಲಿ ಬ್ರಿಟಿಷ್ ರೈಲ್ವೆಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಒಂದು ವರದಿ ಕೊಟ್ಟರು. ನಷ್ಟದ ಕವಲು ಹಳಿಗಳನ್ನು ಮುಚ್ಚಬೇಕು ಎಂಬುದು ಅದರ ಸಾರ. ಸುಮಾರು 8,000 ಕಿಲೋಮೀಟರ್ ಹಳಿ, 2,363 ನಿಲ್ದಾಣಗಳ ಹೆಸರು ಆ ಪಟ್ಟಿಯಲ್ಲಿತ್ತು. ಹಳ್ಳಿಗಳು ಗೋಳಾಡಿದವು, ಸಭೆ ಮಾಡಿದವು. ಬಹುಪಾಲು ಹಳಿಗಳು ಹೋಗಿಯೇ ಹೋದವು. ರಾಯದುರ್ಗದಂಥ ಕೊನೆಯ ನಿಲ್ದಾಣಗಳೂ ಅವುಗಳೊಂದಿಗೆ ಹೋದವು. ರಾಯದುರ್ಗದ ರೈಲಿನಲ್ಲಿ ಕಿಟಕಿಗೆ ಒರಗಿ ಓದುತ್ತಿದ್ದ ಹುಡುಗನಿಗೆ ಆಗ ಇದಾವುದೂ ಗೊತ್ತಿರಲಿಲ್ಲ.

"ಅಳಿವೆ ಪಕ್ಕದಾಗೆ ಇನ್ನೊಂದು ದಾರಿ ಐತೆ. ಸೈಕಲ್ ತುಳಿತೀಯೇನಪ್ಪ?" ಎಂದು ಮಗ ಕೇಳಿದ.

"ನೌಕರಿ ಪೂರಾ ಸ್ಕೂಲಿಗೆ ನಾನೇನು ಕಾರಿನಾಗೆ ಹೋಗಿದ್ನಾ?" ಎಂದರು ಮೇಷ್ಟ್ರು.

ಆ ದಾರಿ ಇರುವುದು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ. ಕ್ಯಾಮಲ್ ಎಂಬ ಸಣ್ಣ ನದಿ ಅಟ್ಲಾಂಟಿಕ್ ಸಾಗರಕ್ಕೆ ಸೇರುವ ಮೊದಲು ಅಗಲವಾಗಿ ಹರಡಿಕೊಂಡು ಅಳಿವೆಯಾಗುತ್ತದೆ. ಅದರ ದಡಕ್ಕೆ ಅಂಟಿಕೊಂಡೇ ವೇಡ್‌ಬ್ರಿಜ್ ಊರಿನಿಂದ ಪ್ಯಾಡ್‌ಸ್ಟೋ ಎಂಬ ಮೀನುಗಾರರ ಊರಿಗೆ ಸುಮಾರು ಒಂಬತ್ತು ಕಿಲೋಮೀಟರ್ ರೈಲು ಏರಿ ಹೋಗುತ್ತದೆ. ಒಳನಾಡಿನ ಬಾಡ್ಮಿನ್ ಕಡೆಯ ಭಾಗವನ್ನೂ ಸೇರಿಸಿದರೆ ಇಡೀ ಕ್ಯಾಮಲ್ ಟ್ರೇಲ್ 28 ಕಿಲೋಮೀಟರ್‌ನಷ್ಟು. ಪ್ಯಾಡ್‌ಸ್ಟೋಗೆ ರೈಲು ಬಂದದ್ದು 1899ರಲ್ಲಿ, ರಾಯದುರ್ಗಕ್ಕಿಂತ ಆರೇ ವರ್ಷ ಮೊದಲು. ಅಲ್ಲಿಯೂ ಹಳಿ ಕೊನೆಯಾಗುತ್ತಿತ್ತು, ಮುಂದೆ ಸಮುದ್ರ. 1926ರಿಂದ ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ಅಟ್ಲಾಂಟಿಕ್ ಕೋಸ್ಟ್ ಎಕ್ಸ್‌ಪ್ರೆಸ್ ಎಂಬ ರೈಲಿನ ಡಬ್ಬಿಗಳು ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದು ಈ ಪುಟ್ಟ ಊರಿನಲ್ಲಿ ನಿಲ್ಲುತ್ತಿದ್ದವು. ಇಲ್ಲಿಂದ ಮೀನು ತುಂಬಿಕೊಂಡು ಹೋಗುವ ಬೇರೆ ರೈಲುಗಳೂ ಇದ್ದವು. 1967ರ ಜನವರಿ 30ರಿಂದ ಪ್ರಯಾಣಿಕರ ರೈಲು ನಿಂತಿತು. ಹಳಿ ಕಿತ್ತರು. ಸ್ಥಳೀಯ ಆಡಳಿತ ಆ ನೆಲವನ್ನು ಉಳಿಸಿಕೊಂಡು 1980ರ ಸುಮಾರಿಗೆ ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟಿತು.

ವೇಡ್‌ಬ್ರಿಜ್‌ನಲ್ಲಿ ಬಾಡಿಗೆ ಸೈಕಲ್ ಅಂಗಡಿಗಳ ಸಾಲೇ ಇದೆ. ಮಗ, ಮೇಷ್ಟ್ರು ಎರಡು ಸೈಕಲ್ ತೆಗೆದುಕೊಂಡರು. ಅಮ್ಮ ನಡೆದೇ ಬರುತ್ತೇನೆ ಎಂದರು, ಸೊಸೆ ಜೊತೆಯಾದಳು. ಹೀಗೆ ಮುಂದೆ ಹೋಗುವುದು, ಕಾಯುವುದು, ಮತ್ತೆ ಹಿಂದಕ್ಕೆ ಬಂದು ಅವರೊಂದಿಗೆ ಸ್ವಲ್ಪ ನಡೆಯುವುದು, ಇದೇ ಕ್ರಮದಲ್ಲಿ ದಿನ ಸಾಗಿತು. ಅವಸರ ಪಡಿಸುವ ದಾರಿಯೇ ಅಲ್ಲ ಅದು.

ರೈಲು ಏರಿ ಸೈಕಲ್ಲಿಗೆ ಯಾಕೆ ಇಷ್ಟು ಒಗ್ಗುತ್ತದೆ ಎಂಬುದು ತುಳಿಯುವವನ ಮೊಣಕಾಲಿಗೆ ಬೇಗ ತಿಳಿಯುತ್ತದೆ. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಕಡಿದಾದ ಏರನ್ನು ಹತ್ತಲಾರದು, ಜಾರುತ್ತದೆ. ಆದ್ದರಿಂದ ರೈಲಿನ ಎಂಜಿನಿಯರ್ ತಗ್ಗು ಬಂದ ಕಡೆ ಮಣ್ಣು ತುಂಬಿ ಏರಿ ಕಟ್ಟುತ್ತಾನೆ, ದಿಣ್ಣೆ ಬಂದ ಕಡೆ ಕಡಿಯುತ್ತಾನೆ, ಹಳ್ಳ ಬಂದ ಕಡೆ ಸೇತುವೆ ಹಾಕುತ್ತಾನೆ. ನೂರು ಮೀಟರ್ ಹೋದರೆ ಒಂದೆರಡು ಮೀಟರಿಗಿಂತ ಹೆಚ್ಚು ಏರುವುದಿಲ್ಲ. ಅಷ್ಟು ಖರ್ಚು ಮಾಡಿ ಸಮ ಮಾಡಿದ ನೆಲ ಎಂಟು ವರ್ಷದ ಮಗುವಿಗೂ ಎಪ್ಪತ್ತರ ಮುದುಕರಿಗೂ ಗಾಲಿ ಕುರ್ಚಿಯಲ್ಲಿ ಕೂತವರಿಗೂ ಸಮಾನ. ಆ ದಿನ ದಾರಿಯಲ್ಲಿ ಈ ಮೂರೂ ಬಗೆಯವರು ಸಿಕ್ಕರು. ವರ್ಷಕ್ಕೆ ಸುಮಾರು 4 ಲಕ್ಷ ಜನ ಈ ದಾರಿಯನ್ನು ಬಳಸುತ್ತಾರೆ ಎಂಬ ಅಂದಾಜಿದೆ. ಒಂದು ಕಾಲದಲ್ಲಿ ರೈಲಿಗೆ ಜನ ಸಾಲುವುದಿಲ್ಲ ಎಂದು ಮುಚ್ಚಿದ ಮಾರ್ಗ ಇದು.

ಅಳಿವೆಯನ್ನು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದ ಅಮ್ಮ ನಿಂತೇಬಿಟ್ಟರು. ಬೆಳಿಗ್ಗೆ ಬಂದಾಗ ನೀರು ಸಮುದ್ರದ ಕಡೆ ಇಳಿಯುತ್ತಿತ್ತು, ನಡುನಡುವೆ ಮರಳಿನ ದಿಬ್ಬಗಳು ಬೆಳ್ಳಗೆ ಎದ್ದಿದ್ದವು, ದೋಣಿಗಳು ಕೆಸರಿನ ಮೇಲೆ ಓರೆಯಾಗಿ ಕೂತಿದ್ದವು. ಮಧ್ಯಾಹ್ನದ ಹೊತ್ತಿಗೆ ಉಬ್ಬರ ಶುರುವಾಗಿ ನೀರು ಒಳನಾಡಿನ ಕಡೆಗೆ ಹರಿಯತೊಡಗಿತು.

"ಇದೇನು ಹೊಳೆ ರೀ, ಹೋದ ದಾರೀಲೇ ವಾಪಸ್ ಬರ್ತೈತಲ್ಲ!" ಎಂದರು.

ಮಡಕಶಿರಾದ ಹೆಣ್ಣುಮಗಳಿಗೆ ಹೊಳೆ ಎಂದರೆ ಬಂದರೆ ಬಂತು, ಹೋದರೆ ಹೋಯಿತು. ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ತಿರುಗಿ ಬರುವ ನೀರನ್ನು ಅವರು ಆ ದಿನವೆಲ್ಲ ನೋಡಿದರು. ದೊಡ್ಡ ಉಬ್ಬರದ ದಿನಗಳಲ್ಲಿ ಅಲ್ಲಿ ಇಳಿತಕ್ಕೂ ಏರಿಕೆಗೂ ಆರು ಮೀಟರಿಗಿಂತ ಹೆಚ್ಚು ಅಂತರ. ಮೂರಾಳುದ್ದದ ಬಾವಿ ಮೂರು ಗಂಟೆಗೇ ಅರ್ಧ ತುಂಬುವುದನ್ನು ಬರಸೀಮೆಯವರು ನೋಡುವುದೆಂದರೆ ಸಣ್ಣ ಮಾತಲ್ಲ.

ಮರಳಿನ ವಿಷಯ ಬಂದದ್ದು ಅಲ್ಲಿಯೇ. ಈ ರೈಲು ಮಾರ್ಗದ ಹಳೆಯ ಭಾಗ, ಬಾಡ್ಮಿನ್‌ನಿಂದ ವೇಡ್‌ಬ್ರಿಜ್‌ಗೆ ಹೋಗುವುದು, 1834ರಷ್ಟು ಹಿಂದಿನದು. ಕಾರ್ನ್‌ವಾಲ್‌ನಲ್ಲಿ ಹಬೆ ಎಂಜಿನ್ ಎಳೆದ ಮೊದಲ ರೈಲು ಅದೇ. ಅದನ್ನು ಹಾಕಿದ್ದು ಮುಖ್ಯವಾಗಿ ಮರಳು ಸಾಗಿಸಲು! ಅಳಿವೆಯ ಮರಳಿನಲ್ಲಿ ಚಿಪ್ಪಿನ ಪುಡಿ ತುಂಬಿದೆ. ಚಿಪ್ಪು ಎಂದರೆ ಸುಣ್ಣ. ಒಳನಾಡಿನ ಹುಳಿ ಮಣ್ಣಿಗೆ ಸುಣ್ಣ ಬೇಕು. ದೋಣಿಯಲ್ಲಿ ಮರಳು ಎತ್ತಿ, ರೈಲಿಗೆ ತುಂಬಿ, ಹೊಲಗಳ ಹತ್ತಿರ ಇಳಿಸುತ್ತಿದ್ದರು. ರೈತರು ಅದನ್ನು ಗೊಬ್ಬರದಂತೆ ಚೆಲ್ಲುತ್ತಿದ್ದರು. ಹಗರಿಯ ಮರಳು ಹೊಲ ನುಂಗುವುದನ್ನು ನೋಡಿ ಬೆಳೆದವರು ದಾರಿಯ ಬದಿಯ ಫಲಕದಲ್ಲಿ ಇದನ್ನು ಎರಡೆರಡು ಸಲ ಓದಿದರು. ಬೇಸಿಗೆಯಲ್ಲಿ ಮಡಕಶಿರಾದ ರೈತರು ಕೆರೆಯ ಗೋಡು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ನೆನಪಾಯಿತು. ಅದೇ ಕೆಲಸಕ್ಕೆ ಇವರು ರೈಲನ್ನೇ ಹಾಕಿದ್ದರು. ನಮ್ಮ ಕರಾವಳಿಯ ಅಘನಾಶಿನಿ ಅಳಿವೆಯಲ್ಲಿಯೂ ಚಿಪ್ಪಿ ತೆಗೆದು ಸುಣ್ಣ ಮಾಡುವುದುಂಟು ಎಂದು ಮೇಷ್ಟ್ರು ಮಗನಿಗೆ ಹೇಳಿದರು.

ಆ ರೈಲಿನ ಇತಿಹಾಸದಲ್ಲಿ ಎದೆ ನಡುಗಿಸುವ ಪುಟವೂ ಇದೆ. 1840ರಲ್ಲಿ ಬಾಡ್ಮಿನ್ ಜೈಲಿನಲ್ಲಿ ಇಬ್ಬರು ಸೋದರರನ್ನು ಬಹಿರಂಗವಾಗಿ ಗಲ್ಲಿಗೇರಿಸಿದಾಗ ವೇಡ್‌ಬ್ರಿಜ್‌ನಿಂದ ಸಾವಿರಕ್ಕೂ ಹೆಚ್ಚು ಜನ ವಿಶೇಷ ರೈಲಿನಲ್ಲಿ ಅದನ್ನು ನೋಡಲು ಹೋಗಿದ್ದರು. ಸುಂದರ ತಾಣಗಳ ಬಗ್ಗೆ ಬರೆಯುವವರು ಇಂಥದ್ದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ದಾರಿ ಏನೇನನ್ನು ಹೊತ್ತಿದೆ ಎಂದು ತಿಳಿದಾಗಲೇ ಅದು ನಮ್ಮದಾಗುತ್ತದೆ.

ಮೇಷ್ಟ್ರಿಗೆ ಹೆಚ್ಚು ಪ್ರೀತಿ ಹುಟ್ಟಿಸಿದ್ದು ಮೂರು ಮುದಿ ಎಂಜಿನ್ನುಗಳ ಕಥೆ. ಬಾಡ್ಮಿನ್ ಕಡೆಯ ಕವಲಿನಲ್ಲಿ ತಿರುವುಗಳು ಎಷ್ಟು ಬಿಗಿ ಎಂದರೆ ದೊಡ್ಡ ಎಂಜಿನ್ನುಗಳು ತಿರುಗುತ್ತಿರಲಿಲ್ಲ. ಆದ್ದರಿಂದ 1870ರ ದಶಕದಲ್ಲಿ ಕಟ್ಟಿದ ಮೂರು ಸಣ್ಣ ಎಂಜಿನ್ನುಗಳು 1962ರವರೆಗೂ ಅಲ್ಲಿ ಬಿಳಿ ಜೇಡಿಮಣ್ಣಿನ ಡಬ್ಬಿಗಳನ್ನು ಎಳೆದವು. ಅವುಗಳಲ್ಲಿ ಎರಡನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದಾರೆ.

ದಾರಿಯ ಒಂದು ಬದಿಯಲ್ಲಿ ಅಳಿವೆ, ಇನ್ನೊಂದು ಬದಿಯಲ್ಲಿ ಕಡಿದ ಬಂಡೆ. ಬಂಡೆ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ, ಅದು ಸ್ಲೇಟು. ನೀರಿನ ಅಂಚಿಗೆ ಹಳೆಯ ಗಣಿಗಳ ಸ್ಲೇಟು ಚೂರಿನ ರಾಶಿಗಳು ಈಗಲೂ ಬಿದ್ದಿವೆ. ಡೆಲಬೋಲ್ ಎಂಬಲ್ಲಿನ ದೊಡ್ಡ ಗಣಿಯ ಸ್ಲೇಟು ಹೋಗುತ್ತಿದ್ದದ್ದೂ ಈ ಮಾರ್ಗಕ್ಕೆ ಸೇರುವ ರೈಲಿನಲ್ಲಿ. ಆಂಧ್ರದ ಮಾರ್ಕಾಪುರದ ಸ್ಲೇಟಿನ ಮೇಲೆ ಕನ್ನಡದ ಅಕ್ಷರ ತಿದ್ದಿಸಿದ ಮೇಷ್ಟ್ರು ಒಂದು ಚೂರನ್ನು ಎತ್ತಿ, ಇನ್ನೊಂದು ಚೂರಿನಿಂದ ಅದರ ಮೇಲೆ ಗೀಚಿ ನೋಡಿದರು. ಬರೆಯಿತು. ಅದನ್ನು ಅಲ್ಲಿಯೇ ಇಟ್ಟು ಮುಂದೆ ನಡೆದರು.

ಪ್ಯಾಡ್‌ಸ್ಟೋ ಹತ್ತಿರ ಬಂದಂತೆ ಪಕ್ಕದಿಂದ ಒಂದು ಕವಲು ನೀರು ಬಂದು ಅಳಿವೆಗೆ ಸೇರುತ್ತದೆ. ಅದರ ಮೇಲೆ ಮೂರು ಅಂಕಣದ ಕಬ್ಬಿಣದ ರೈಲು ಸೇತುವೆ. ಮೇಲೆ ಗುಡ್ಡದಲ್ಲಿ ವಿಕ್ಟೋರಿಯಾ ರಾಣಿಯ 1887ರ ಉತ್ಸವದ ನೆನಪಿಗೆ ನಿಲ್ಲಿಸಿದ ಎತ್ತರದ ಕಲ್ಲುಕಂಬ. ಸೇತುವೆಯ ನಡುವೆ ಸೈಕಲ್ ನಿಲ್ಲಿಸಿದರೆ ಎದುರಿಗೆ ಇಡೀ ಅಳಿವೆ ಬಾಯಿ ತೆರೆದುಕೊಂಡು ಕಾಣುತ್ತದೆ: ಆಚೆ ದಡದ ರಾಕ್ ಎಂಬ ಊರು, ಅಲ್ಲಿಗೆ ಹೋಗಿ ಬರುವ ದೋಣಿ, ಬಾಯಿಗೆ ಅಡ್ಡವಾಗಿ ಬಿದ್ದ ಡೂಮ್ ಬಾರ್ ಎಂಬ ಮರಳ ದಿಬ್ಬ. ಹಾಯಿ ಹಡಗುಗಳ ಕಾಲದಲ್ಲಿ ನೂರಾರು ಹಡಗುಗಳು ಆ ದಿಬ್ಬಕ್ಕೆ ಸಿಕ್ಕಿ ಒಡೆದಿವೆ.

ಕೆಳಗೆ ಕೆಸರಿನಲ್ಲಿ ಬೆಳ್ಳಕ್ಕಿಗಳು ಕಾಲೆತ್ತಿ ಕಾಲಿಡುತ್ತಿದ್ದವು. ನಮ್ಮ ಕೆರೆಗಳ ಬೆಳ್ಳಕ್ಕಿಯೇ, ಅದೇ ಜಾತಿ, ಕಪ್ಪು ಕಾಲು, ಹಳದಿ ಪಾದ. ಇಂಗ್ಲೆಂಡಿಗೆ ಅವು ಹೊಸಬರು. ಆಧುನಿಕ ಕಾಲದಲ್ಲಿ ಅಲ್ಲಿ ಮೊದಲು ಗೂಡು ಕಟ್ಟಿದ್ದು 1996ರಲ್ಲಿ. ದುರ್ಬೀನು ಹಿಡಿದ ಒಬ್ಬ ಹಿರಿಯರು ಮೇಷ್ಟ್ರಿಗೆ ಅವುಗಳನ್ನು ಬಹಳ ಸಂಭ್ರಮದಿಂದ ತೋರಿಸಿದರು. ಮೇಷ್ಟ್ರು ತಮ್ಮೂರಿನ ಕಡೆಯ ಕೊಕ್ಕರೆಗಳ ಬಗ್ಗೆ ಹೇಳಿದರು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ, ಹಿಂದೂಪುರದ ಆಚೆಯ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಹೊಡೆಯುವುದಿಲ್ಲ, ಬೇರೆಯವರು ಹೊಡೆಯಲು ಬಿಡುವುದೂ ಇಲ್ಲ. ಮಗ ತರ್ಜುಮೆ ಮಾಡಿದ. ಆ ಹಿರಿಯರು ಊರುಗಳ ಹೆಸರು ಬರೆದುಕೊಂಡರು.

ಪ್ಯಾಡ್‌ಸ್ಟೋದಲ್ಲಿ ರೈಲು ನಿಲ್ದಾಣದ ಕಟ್ಟಡ ಉಳಿದಿದೆ. ಹಳಿ ಇದ್ದ ಕಡೆ ಕಾರು ನಿಲ್ಲಿಸುವ ಜಾಗ. ಅಮ್ಮ ಮತ್ತು ಸೊಸೆ ನಡೆದು ಬಂದು ಸೇರುವಷ್ಟರಲ್ಲಿ ಬಂದರಿನ ಕಟ್ಟೆಯ ಮೇಲೆ ನೆರಳು ಉದ್ದವಾಗಿತ್ತು. ಕಟ್ಟಿಕೊಂಡು ಬಂದಿದ್ದ ಚಪಾತಿ, ಶೇಂಗಾ ಚಟ್ನಿಪುಡಿ ಬಿಚ್ಚಿದರು.

ಇಷ್ಟನ್ನೂ ನೋಡಿ ಬಂದ ಮನುಷ್ಯ ತನ್ನ ಸೀಮೆಯ ಹಳಿಗಳ ಬಗ್ಗೆ ಯೋಚಿಸದೆ ಇರಲಾರ. ನಮ್ಮಲ್ಲಿ ರೈಲು ನಿಲ್ಲಲಿಲ್ಲ, ಅದು ಬೇರೆ ಕಥೆ, ಒಳ್ಳೆಯ ಕಥೆ. 1992ರಿಂದ ದೇಶದಲ್ಲೆಲ್ಲ ಒಂದೇ ಗೇಜ್ ಮಾಡುವ ಕೆಲಸ ನಡೆಯಿತು; ಒಂದು ಮೀಟರ್ ಅಗಲದ ಹಳಿ ಹೋಗಿ 1.676 ಮೀಟರ್ ಅಗಲದ ಹಳಿ ಬಂತು. ರಾಯದುರ್ಗ ಈಗ ಕೊನೆಯ ನಿಲ್ದಾಣವಲ್ಲ. ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗದ ಮೂಲಕ ಚಿಕ್ಕಜಾಜೂರಿಗೆ ದಾರಿ ತೆರೆದಿದೆ. ಹಳಿ ಬದಲಾಗುವ ನಡುವಿನ ಬಿಡುವಿನಲ್ಲಿ ನಮ್ಮ ಜನಕ್ಕೂ ರೈಲು ದಾರಿಯಲ್ಲಿ ನಡೆಯುವ ರುಚಿ ಹತ್ತಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವ ಮಾರ್ಗದಲ್ಲಿ 1996ರಲ್ಲಿ ಮೀಟರ್ ಗೇಜ್ ರೈಲು ನಿಂತು, 2006ರಲ್ಲಿ ಗೂಡ್ಸ್, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಮತ್ತೆ ಬರುವವರೆಗೆ ಎಷ್ಟೊಂದು ಚಾರಣಿಗರು ದೋಣಿಗಲ್, ಎಡಕುಮರಿಯ ಸುರಂಗಗಳಲ್ಲಿ ಟಾರ್ಚು ಹಿಡಿದು ನಡೆದರು! ಅಲ್ಲಿ ಈಗ ರೈಲು ಓಡುತ್ತಿದೆ. ಓಡುವ ಹಳಿಯ ಮೇಲೆ ನಡೆಯುವುದು ಅಪಾಯ, 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಯಾರೂ ಹೋಗಬಾರದು. ಆದರೆ ಆ ಆಸೆ ಜನರಲ್ಲಿತ್ತು ಎಂಬುದಂತೂ ಸಾಬೀತಾಯಿತು.

ಉಳಿಸಿಕೊಳ್ಳಬಹುದಾದವು ನಮ್ಮಲ್ಲೂ ಇವೆ. ನಂಜನಗೂಡಿನಲ್ಲಿ ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ಮುಂದೆ ಅದರ ಮೇಲೆಯೇ ಮೀಟರ್ ಗೇಜ್ ರೈಲೂ ಓಡಿತು, ಬ್ರಾಡ್ ಗೇಜ್ ಬೇರೆ ಸೇತುವೆಗೆ ಹೋಯಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಪುಟ್ಟ ಟ್ರಾಮ್ ರೈಲು ಓಡುತ್ತಿತ್ತು. ಇವನ್ನು ನಡೆಯುವವರ ಕಣ್ಣಿನಿಂದ ನೋಡಿದರೆ ಒಂದೊಂದೂ ಒಂದು ಪಾಠಶಾಲೆ.

ಮೇಷ್ಟ್ರ ಮನಸ್ಸು ನಿಂತಿರುವುದು ಮಾತ್ರ ಮುಚ್ಚಿದ ದಾರಿಗಳ ಮೇಲಲ್ಲ, ಬರಲಿರುವ ದಾರಿಯ ಮೇಲೆ. ರಾಯದುರ್ಗದಿಂದ ತುಮಕೂರಿಗೆ 207 ಕಿಲೋಮೀಟರ್ ಹೊಸ ರೈಲು ಮಾರ್ಗಕ್ಕೆ 2007-08ರಲ್ಲಿ ಒಪ್ಪಿಗೆ ಸಿಕ್ಕಿತು. ಕಲ್ಯಾಣದುರ್ಗ ದಾಟಿ ಕದಿರಿದೇವರಪಲ್ಲಿಯವರೆಗೆ ರೈಲು ಬಂದಿದೆ. ಮುಂದಿನ ದಾರಿ ಪಾವಗಡ, ಮಡಕಶಿರಾ, ಮಧುಗಿರಿ, ಕೊರಟಗೆರೆ. ಎಂದರೆ ಅವರು ಹುಟ್ಟಿದ ಊರನ್ನೂ ಪಾಠ ಹೇಳಿದ ಊರನ್ನೂ ಒಂದೇ ಹಳಿ ಕಟ್ಟಲಿದೆ. ಆಂಧ್ರಕ್ಕೂ ಕರ್ನಾಟಕಕ್ಕೂ ಹೆಣೆದುಕೊಂಡು ಹೋಗುವ ಈ ಮಾರ್ಗ ಹಾದುಹೋಗುವ ಹಳ್ಳಿಗಳಲ್ಲಿ ಎರಡೂ ಭಾಷೆ ಮಾತಾಡುತ್ತಾರೆ. ಬಳ್ಳಾರಿಯ ರೈಲು ಒಂದು ಕಾಲಕ್ಕೆ ಮಾಡಿದ ಹೊಲಿಗೆಯ ಕೆಲಸವನ್ನು ಇದು ಇನ್ನೊಂದು ಕಡೆ ಮಾಡಲಿದೆ.

ಅದರ ಬಗ್ಗೆ ಅವರ ಬೇಡಿಕೆ ಸ್ಪಷ್ಟ. ಹೊಸ ಹಳಿಗೆ ಏರಿ ಕಟ್ಟುವಾಗ ಟಿಪ್ಪರುಗಳು ಓಡಾಡಲು ಪಕ್ಕದಲ್ಲೇ ಒಂದು ಕಚ್ಚಾ ದಾರಿ ಆಗಿಯೇ ಆಗುತ್ತದೆ. ಕೆಲಸ ಮುಗಿದ ಮೇಲೆ ಅದು ಜಾಲಿ ಬೆಳೆದು ಮುಚ್ಚಿಹೋಗುತ್ತದೆ, ಇಲ್ಲವೇ ಪಕ್ಕದ ಹೊಲಕ್ಕೆ ಸೇರಿಹೋಗುತ್ತದೆ. ಅದನ್ನು ಬೇಲಿ ಹಾಕಿ ಹಳಿಯಿಂದ ಬೇರ್ಪಡಿಸಿ, ಗಟ್ಟಿ ಮಾಡಿ, ಎರಡು ಬದಿಗೆ ಹೊಂಗೆ, ಹುಣಸೆ ನೆಟ್ಟು, ನಡೆಯುವವರಿಗೂ ಸೈಕಲ್ಲಿಗೂ ಬಿಡಬೇಕು. ಮೋಟಾರು ಬರಬಾರದು. ಹಳ್ಳಿಯ ಮಕ್ಕಳು ಇಂದು ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಗಾಳಿಗೆ ಓಲಾಡುತ್ತ ಹೈಸ್ಕೂಲಿಗೆ ಸೈಕಲ್ ತುಳಿಯುತ್ತಾರೆ. ಅವರಿಗೆ ಏರಿಲ್ಲದ, ಲಾರಿಯಿಲ್ಲದ ದಾರಿ ಸಿಕ್ಕರೆ ಹೆಣ್ಣುಮಕ್ಕಳ ತಂದೆತಾಯಿಗಳೂ ಧೈರ್ಯವಾಗಿ ಕಳಿಸುತ್ತಾರೆ. ಪ್ರವಾಸಿಗರು ಬಂದರೆ ಬರಲಿ. ರಾಯದುರ್ಗದ ಕೋಟೆ, ಮಡಕಶಿರಾದ ಬೆಟ್ಟ, ಹೇಮಾವತಿಯ ನೊಳಂಬ ಕಂಬಗಳು ನೋಡಲು ಕಾದಿವೆ. ಮೊದಲ ಹಕ್ಕು ಶಾಲೆಯ ಮಕ್ಕಳದು.

ಇದು ಹಣವಿಲ್ಲದೆ ಆಗದ ಕೆಲಸವಲ್ಲ, ಮೊದಲೇ ಯೋಚಿಸದೆ ಆಗದ ಕೆಲಸ. ಬ್ರಿಸ್ಟಲ್‌ನಲ್ಲಿ ಸ್ವಯಂಸೇವಕರು ಸಲಿಕೆ ಹಿಡಿದು ಮಾಡಿದ್ದನ್ನು ನಾವು ಹಳಿ ಹಾಕುವಾಗಲೇ ನಕ್ಷೆಯಲ್ಲಿ ಒಂದು ಗೆರೆ ಎಳೆದು ಮಾಡಬಹುದು. ಮಡಕಶಿರಾ, ಪಾವಗಡ, ಮಧುಗಿರಿಯ ಪಂಚಾಯಿತಿಗಳು, ಎರಡೂ ರಾಜ್ಯಗಳ ಶಾಸಕರು, ಊರಿನ ಶಾಲೆಗಳ ಮೇಷ್ಟ್ರುಗಳು ಈಗಲೇ ಈ ಮಾತನ್ನು ರೈಲ್ವೆಯವರ ಮುಂದಿಡಬೇಕು. ಏರಿಯ ಪಕ್ಕದ ಕಚ್ಚಾ ದಾರಿಗೆ ಜಾಲಿ ಹಬ್ಬುವ ಮೊದಲೇ ಅರ್ಜಿ ಬರೆಯಿರಿ.